ಸಮುದ್ರದ ನಾಲ್ಕನೆಯ ಸಿಂಹ: ಇಬ್ನ್ ಮಾಜಿದ್

ನಮ್ಮ ವಿಜಯಪುರದಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಹತ್ತಿರವಿಲ್ಲ. ತಿಕೋಟಾ, ಬಬಲೇಶ್ವರದ ಕಡೆಯಿಂದ ಬಸ್ಸಿನಲ್ಲಿ ಬರುವ ನಮ್ಮ ಗೆಳೆಯರಲ್ಲಿ ಅನೇಕರು ಅದನ್ನು ಚಿತ್ರದಲ್ಲಷ್ಟೇ ನೋಡಿರಬಹುದು. ಆದರೂ ಈ ಊರಿನ ಚರಿತ್ರೆಗೆ ಸಮುದ್ರದ ನಂಟಿದೆ. ಆದಿಲ್‌ಶಾಹಿ ರಾಜ್ಯ ಕಟ್ಟಿದ ಯೂಸುಫ್ ಆದಿಲ್ ಶಾಹ ಹೊರ್ಮುಜ್‌ನಿಂದ ಹಡಗು ಹತ್ತಿ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದನೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ದಖ್ಖನಿನ ಸೈನ್ಯಗಳಿಗೆ ಬೇಕಾದ ಅರಬ್ಬೀ ಕುದುರೆಗಳೂ ದಾಭೋಳ, ಗೋವಾ, ಭಟ್ಕಳ ಬಂದರುಗಳಿಗೆ ಹಡಗಿನಲ್ಲೇ ಬರುತ್ತಿದ್ದವು. ಸುತ್ತಲೂ ನೀರು ಬಿಟ್ಟರೆ ಬೇರೇನೂ ಕಾಣದ ಕಡೆ ಆ ಹಡಗುಗಳಿಗೆ ದಾರಿ ತೋರಿಸುತ್ತಿದ್ದವರು ಯಾರು? ಅಂಥವರಲ್ಲಿ ಅತಿ ದೊಡ್ಡ ಹೆಸರು ಅಹ್ಮದ್ ಇಬ್ನ್ ಮಾಜಿದ್.

ಇಬ್ನ್ ಮಾಜಿದ್ ಅವರು 15ನೇ ಶತಮಾನದ ಮೊದಲರ್ಧದಲ್ಲಿ ಜುಲ್ಫಾರ್ ಎಂಬ ಬಂದರಿನಲ್ಲಿ ಹುಟ್ಟಿದರು. ಅದು ಇಂದಿನ ಸಂಯುಕ್ತ ಅರಬ್ ಎಮಿರೇಟ್ಸ್‌ನ ರಾಸ್ ಅಲ್ ಖೈಮಾದಲ್ಲಿದೆ. ಅವರ ತಾತ ಮತ್ತು ತಂದೆ ಇಬ್ಬರೂ ಮುಅಲ್ಲಿಮ್ ಆಗಿದ್ದರು. ಮದರಸಾದಲ್ಲಿ ಕಲಿಸುವವರನ್ನು ಮುಅಲ್ಲಿಮ್ ಎನ್ನುವುದು ನಮಗೆ ಗೊತ್ತು. ಅರಬ್ ನಾವಿಕರು ಹಡಗಿಗೆ ದಾರಿ ತೋರಿಸುವವನನ್ನೂ ಅದೇ ಹೆಸರಿನಿಂದ ಕರೆಯುತ್ತಿದ್ದರು. ತಂದೆಯವರು ಕೆಂಪು ಸಮುದ್ರದ ಹಾದಿಗಳ ಬಗ್ಗೆ ಸಾವಿರಕ್ಕೂ ಹೆಚ್ಚು ಸಾಲುಗಳ ಪದ್ಯವನ್ನೇ ರಚಿಸಿದ್ದರು. ನಾವಿಕರು ಬಾಯಿಪಾಠ ಮಾಡಲು ಅನುಕೂಲವಾಗಲೆಂದು ಇಂಥ ವಿಷಯವನ್ನು ಪದ್ಯದಲ್ಲಿ ಬರೆಯುವ ರೂಢಿಯಿತ್ತು.

ಮನೆಯಲ್ಲೇ ಇಷ್ಟು ವಿದ್ಯೆ ಇದ್ದವರಿಗೆ ಅದನ್ನು ಹಾಗೆಯೇ ಒಪ್ಪಿಕೊಂಡು ನಡೆಯುವುದು ಸುಲಭವಿತ್ತು. ಇಬ್ನ್ ಮಾಜಿದ್ ಹಾಗೆ ಮಾಡಲಿಲ್ಲ. ತಾತ ಕಂಡದ್ದಕ್ಕೆ ತಂದೆ ಸೇರಿಸಿದ್ದರು. ಅವರಿಬ್ಬರ ಅರಿವನ್ನು ತಾವು ಸುಮಾರು 40 ವರ್ಷ ಸಮುದ್ರದ ಮೇಲೆ ಮತ್ತೆ ಮತ್ತೆ ಪರೀಕ್ಷಿಸಿ, ತಿದ್ದಿ, ಖಚಿತಪಡಿಸಿಕೊಂಡರು. ಹಿಂದಿನ ಕಾಲದ ಮೂವರು ಪ್ರಸಿದ್ಧ ನಾವಿಕರನ್ನು ಅವರು ಸಿಂಹಗಳೆಂದು ಗೌರವಿಸಿದರು, ತಮ್ಮನ್ನು ನಾಲ್ಕನೆಯವನೆಂದು ಕರೆದುಕೊಂಡರು. ಆದರೆ ಆ ಮೂವರು ಸ್ವತಃ ಕಂಡದ್ದಕ್ಕಿಂತ ಇನ್ನೊಬ್ಬರನ್ನು ಕೇಳಿ ಬರೆದದ್ದೇ ಹೆಚ್ಚು ಎಂದು ಹೇಳಲು ಹಿಂಜರಿಯಲಿಲ್ಲ. ಗೌರವವೂ ಇರಬೇಕು, ಪರೀಕ್ಷೆಯೂ ಆಗಬೇಕು ಎಂಬುದು ಅವರ ರೀತಿ.

ಅವರು ಕಲಿಸಿದ ವಿದ್ಯೆಯ ಮೊದಲ ಪಾಠ ನಮಗೂ ಅರ್ಥವಾಗುವಂಥದ್ದು. ಉತ್ತರ ದಿಗಂತದಿಂದ ಧ್ರುವ ನಕ್ಷತ್ರ ಎಷ್ಟು ಡಿಗ್ರಿ ಎತ್ತರದಲ್ಲಿ ಕಾಣುತ್ತದೋ ಹೆಚ್ಚುಕಡಿಮೆ ಅಷ್ಟೇ ಆ ಸ್ಥಳದ ಅಕ್ಷಾಂಶ. ಹಡಗು ದಕ್ಷಿಣಕ್ಕೆ ಸಾಗಿದಂತೆ ನಕ್ಷತ್ರ ಕೆಳಗಿಳಿಯುತ್ತದೆ. ದಾಭೋಳದ ಅಕ್ಷಾಂಶ ಸುಮಾರು ಹದಿನೇಳೂವರೆ ಡಿಗ್ರಿ. ನಕ್ಷತ್ರ ಅಷ್ಟು ಎತ್ತರಕ್ಕೆ ಇಳಿದ ಮೇಲೆ ಅದೇ ಎತ್ತರ ಕಾಯ್ದುಕೊಂಡು ನೇರ ಪೂರ್ವಕ್ಕೆ ಹೋದರೆ ದಾಭೋಳ ಸಿಗುತ್ತದೆ. ಅಳೆಯಲು ಚಿಕ್ಕ ಮರದ ಹಲಗೆ ಸಾಕಾಗಿತ್ತು. ಹಲಗೆಯ ಕೆಳ ಅಂಚು ದಿಗಂತಕ್ಕೆ, ಮೇಲಂಚು ನಕ್ಷತ್ರಕ್ಕೆ ತಾಗುವಂತೆ ಹಿಡಿಯಬೇಕು. ಹಲಗೆಗೆ ಗಂಟು ಹಾಕಿದ ದಾರ ಕಟ್ಟಿ, ಗಂಟನ್ನು ಹಲ್ಲಿನಲ್ಲಿ ಕಚ್ಚಿ ಅಳೆಯುವ ಸಾಧನಕ್ಕೆ ಕಮಾಲ್ ಎಂದು ಹೆಸರು. ಅಳತೆಯ ಮಾನ ಇಸ್ಬಾ, ಅಂದರೆ ಬೆರಳು. ಒಂದು ಇಸ್ಬಾ ಒಂದೂವರೆ ಡಿಗ್ರಿಗಿಂತ ತುಸು ಹೆಚ್ಚು.

ಇಲ್ಲೊಂದು ತೊಡಕಿತ್ತು. ಆ ಕಾಲದಲ್ಲಿ ಧ್ರುವ ನಕ್ಷತ್ರ ನಿಜವಾದ ಧ್ರುವ ಬಿಂದುವಿನಿಂದ ಸುಮಾರು ಮೂರೂವರೆ ಡಿಗ್ರಿ ದೂರವಿತ್ತು. ರಾತ್ರಿಯಿಡೀ ಅದು ಧ್ರುವದ ಸುತ್ತ ಸಣ್ಣ ವೃತ್ತ ಹಾಕುತ್ತಿದ್ದುದರಿಂದ ಯಾವ ಹೊತ್ತಿನಲ್ಲಿ ಅಳೆದರೆ ಎಷ್ಟು ತಿದ್ದಬೇಕೆಂದು ತಿಳಿದಿರಬೇಕಿತ್ತು. ಮೂರು ಡಿಗ್ರಿ ತಪ್ಪಿದರೆ ಹಡಗು 300 ಕಿ.ಮೀ.ಗೂ ಹೆಚ್ಚು ದೂರದ ಬೇರೆ ತೀರಕ್ಕೆ ಹೋಗುತ್ತದೆ. ಕುಡಿಯುವ ನೀರು ಮುಗಿದರೆ ಹಡಗಿನಲ್ಲಿದ್ದವರ ಪ್ರಾಣವೇ ಹೋಗುತ್ತದೆ.

1462ರಲ್ಲಿ ಅವರು ನೌಕಾಶಾಸ್ತ್ರದ ಮೂಲತತ್ತ್ವಗಳ ಬಗ್ಗೆ 'ಹಾವಿಯಾ' ಎಂಬ ದೀರ್ಘ ಪದ್ಯ ಮುಗಿಸಿದರು. ಅವರ ಮುಖ್ಯ ಗ್ರಂಥ 'ಕಿತಾಬ್ ಅಲ್ ಫವಾಯಿದ್' ಪೂರ್ಣಗೊಂಡದ್ದು ಹಿಜರಿ 895ರಲ್ಲಿ, ಅಂದರೆ 1489-90ರಲ್ಲಿ. ವಿಜಯಪುರದಲ್ಲಿ ಆದಿಲ್‌ಶಾಹಿ ಆಳ್ವಿಕೆ ಆರಂಭವಾದದ್ದೂ ಅದೇ ಸುಮಾರಿಗೆ! ನಕ್ಷತ್ರಗಳು, ದಿಕ್ಸೂಚಿಯ 32 ದಿಕ್ಕುಗಳು, ತೀರಗಳು, ದ್ವೀಪಗಳು, ಮಳೆಗಾಳಿಯ ಕಾಲಕ್ಕೆ ತಕ್ಕಂತೆ ಯಾವ ಬಂದರಿನಿಂದ ಯಾವಾಗ ಹೊರಡಬೇಕು ಎಂಬುದೆಲ್ಲ ಅದರಲ್ಲಿದೆ. ಹೊರಡುವ ಮುನ್ನ ಹಡಗನ್ನು ಪರೀಕ್ಷಿಸಬೇಕು, ಮುಅಲ್ಲಿಮ್ ಆದವನು ನಿದ್ದೆ ಕಡಿಮೆ ಮಾಡಿ ಸದಾ ಎಚ್ಚರವಿರಬೇಕು ಎಂಬ ಬುದ್ಧಿವಾದವೂ ಇದೆ.

ಇಬ್ನ್ ಮಾಜಿದ್ ಅವರ ಹೆಸರಿಗೆ ಒಂದು ಅಪವಾದವೂ ಅಂಟಿಕೊಂಡಿದೆ. 1498ರಲ್ಲಿ ವಾಸ್ಕೋ ಡ ಗಾಮನನ್ನು ಆಫ್ರಿಕಾದ ಮಾಲಿಂದಿಯಿಂದ ಕಲ್ಲಿಕೋಟೆಗೆ ಕರೆತಂದವರು ಅವರೇ ಎಂದು ಹಲವು ಪುಸ್ತಕಗಳಲ್ಲಿ ಓದುತ್ತೇವೆ. ಮುಂದೆ 1510ರಲ್ಲಿ ಪೋರ್ಚುಗೀಸರು ಆದಿಲ್‌ಶಾಹಿಗಳಿಂದ ಗೋವಾ ಕಿತ್ತುಕೊಂಡದ್ದನ್ನು ನೆನೆದರೆ ಇದು ಸಣ್ಣ ಆರೋಪವಲ್ಲ. ಆದರೆ ಹಾಗೆಂದು ಬರೆದದ್ದು ಮಕ್ಕಾದ ಇತಿಹಾಸಕಾರ ನಹ್ರವಾಲಿ, ಅದೂ ಹಲವು ದಶಕಗಳ ನಂತರ. ಪೋರ್ಚುಗೀಸರ ಚರಿತ್ರೆಗಳು ಆ ನಾವಿಕನನ್ನು ಗುಜರಾತಿನ ಮುಸ್ಲಿಮನೆಂದು ಹೇಳುತ್ತವೆ. ಇಂದಿನ ಹೆಚ್ಚಿನ ವಿದ್ವಾಂಸರು ಈ ಆರೋಪವನ್ನು ಒಪ್ಪುವುದಿಲ್ಲ. ತಂದೆಯ ಮಾತನ್ನೂ ಪರೀಕ್ಷಿಸಿ ಒಪ್ಪಿದವರ ಬಗ್ಗೆ ನಾವು ಕೇಳಿದ್ದನ್ನೆಲ್ಲ ಪರೀಕ್ಷಿಸದೆ ನಂಬಿದರೆ ಅದು ಅವರಿಗೆ ಮಾಡುವ ಅನ್ಯಾಯ.

1500ರ ನಂತರ ಕೆಲವೇ ವರ್ಷಗಳಲ್ಲಿ ಅವರು ತೀರಿಕೊಂಡರು. ಅವರ ವಿದ್ಯೆ ಉಳಿಯಿತು. ಉಸ್ಮಾನಿ ನೌಕಾಧಿಪತಿ ಸೀದಿ ಅಲಿ ರೈಸ್ 1554ರಲ್ಲಿ ಅಹಮದಾಬಾದಿನಲ್ಲಿದ್ದಾಗ ತನ್ನ 'ಮುಹೀತ್' ಗ್ರಂಥವನ್ನು ಬರೆದದ್ದು ಇಬ್ನ್ ಮಾಜಿದ್ ಅವರ ಕೃತಿಗಳನ್ನು ಬಳಸಿಕೊಂಡೇ. ಇಂದು ಹಡಗುಗಳಲ್ಲಿ ಜಿಪಿಎಸ್ ಇದೆ. ಆದರೂ ಹಡಗಿನ ಅಧಿಕಾರಿಯಾಗುವವರು ಸೆಕ್ಸ್‌ಟೆಂಟ್ ಹಿಡಿದು ಸೂರ್ಯ, ನಕ್ಷತ್ರಗಳ ಎತ್ತರ ಅಳೆಯುವುದನ್ನು ಕಲಿಯಲೇಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದುತ್ತಿರುವ ನಮ್ಮ ವಿದ್ಯಾರ್ಥಿಗಳಿಗೆ ಭಾರತೀಯ ಸಾಗರ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯ ಮೂಲಕ ಆ ದಾರಿ ತೆರೆದಿದೆ.

ಮೊದಲ ಪಾಠಕ್ಕೆ ಸಮುದ್ರವೂ ಬೇಡ. ಮೋಡವಿಲ್ಲದ ರಾತ್ರಿ ಮನೆಯ ಮಾಳಿಗೆಯ ಮೇಲೋ ತಿಕೋಟಾದ ದ್ರಾಕ್ಷಿ ತೋಟದ ಬದುವಿನ ಮೇಲೋ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ, ಜೋಡಿಸಿದ ನಾಲ್ಕು ಬೆರಳು ಸುಮಾರು 7 ಡಿಗ್ರಿ. ದಿಗಂತದಿಂದ ಒಂದು ಮುಷ್ಟಿ, ಅದರ ಮೇಲೆ ನಾಲ್ಕು ಬೆರಳು ಇಟ್ಟು ನೋಡಿ. ಧ್ರುವ ನಕ್ಷತ್ರ ಅಲ್ಲೇ ಇದೆಯೇ? ನಮ್ಮ ವಿಜಯಪುರದ ಅಕ್ಷಾಂಶ ಸುಮಾರು 17 ಡಿಗ್ರಿ. ಈ ಲೇಖನ ಹೇಳಿತೆಂದು ನಂಬಬೇಡಿ, ನೀವೇ ಅಳೆದು ನೋಡಿ.