ಜೀವದಯೆಯ ಮಹಾಕವಿ ಜನ್ನ

ಕನ್ನಡ ಜೈನ ಕವಿಪರಂಪರೆಯಲ್ಲಿ ಪಂಪ, ಪೊನ್ನ, ರನ್ನರ ತರುವಾಯ ಭಕ್ತಿಯಿಂದ ಸ್ಮರಿಸಬೇಕಾದ ನಾಮಧೇಯ ಜನ್ನನದು. ರಾಷ್ಟ್ರಕೂಟರಿಂದ ಪೊನ್ನನಿಗೂ ಚಾಲುಕ್ಯರಿಂದ ರನ್ನನಿಗೂ ಸಂದ ಕವಿಚಕ್ರವರ್ತಿ ಎಂಬ ಬಿರುದು ಹೊಯ್ಸಳ ವೀರಬಲ್ಲಾಳನಿಂದ ಜನ್ನನಿಗೆ ದೊರೆಯಿತು.

ಸುಮನೋಬಾಣನೆಂದು ಖ್ಯಾತನಾದ ಶಂಕರನೂ ಗಂಗಾದೇವಿಯೂ ಈತನ ಮಾತಾಪಿತೃಗಳು. ಸೂಕ್ತಿಸುಧಾರ್ಣವವನ್ನು ಸಂಕಲಿಸಿದ ಮಲ್ಲಿಕಾರ್ಜುನನು ಭಾವ; ಶಬ್ದಮಣಿದರ್ಪಣದ ಕೇಶಿರಾಜನು ಸೋದರಳಿಯ. ವಿದ್ಯೆಯೇ ಆ ಮನೆತನದ ಐಶ್ವರ್ಯವಾಗಿತ್ತು. ಜನ್ನನು ಕವಿಯಷ್ಟೇ ಅಲ್ಲದೆ ರಾಜಕಾರ್ಯದಲ್ಲಿಯೂ ನುರಿತವನಾಗಿದ್ದನು.

ಆ ಕಾಲವಾದರೋ ಮತಮತಗಳ ನಡುವೆ ವಾದವಿವಾದಗಳು ಬೆಳೆದ ಕಾಲ. ಕಂಬದಹಳ್ಳಿಯ ಪಂಚಕೂಟ ಬಸದಿ, ಮೇಲುಕೋಟೆಯ ನಾರಾಯಣನ ಸನ್ನಿಧಿ, ಆದಿಚುಂಚನಗಿರಿಯ ಭೈರವಕ್ಷೇತ್ರ ಇವು ಇಂದಿಗೂ ಒಂದಕ್ಕೊಂದು ಸಮೀಪದಲ್ಲಿ ನಿಂತು, ಹಲವು ದರ್ಶನಗಳು ಒಂದೇ ಸೀಮೆಯಲ್ಲಿ ಬಾಳಿದುದನ್ನು ಸಾರುತ್ತಿವೆ. ಹಾಗೆ ಕೂಡಿ ಬಾಳುವುದಕ್ಕೆ ಅರಸರ ಅಭಯ ಮಾತ್ರ ಸಾಲದು. ವಿದ್ವಾಂಸರ ಹೃದಯವೈಶಾಲ್ಯವೂ ಬೇಕು. ಅದು ಜನ್ನನಲ್ಲಿ ಸಮೃದ್ಧವಾಗಿತ್ತು. ತರೀಕೆರೆ ಸಮೀಪದ ಅಮೃತಾಪುರದಲ್ಲಿ 1196ರಲ್ಲಿ ನಿರ್ಮಾಣವಾದ ಅಮೃತೇಶ್ವರ ಶಿವಾಲಯದ ಶಾಸನಪದ್ಯಗಳು ಈ ಜಿನಭಕ್ತನವೇ. ಸ್ವಧರ್ಮದಲ್ಲಿ ಅಚಲನಾಗಿದ್ದವನಿಗೆ ಅನ್ಯರ ದೇಗುಲಕ್ಕೆ ತನ್ನ ಕಾವ್ಯಶಕ್ತಿಯನ್ನು ಧಾರೆಯೆರೆಯಲು ಸಂಕೋಚವಿರಲಿಲ್ಲ.

1209ರಲ್ಲಿ ರಚಿತವಾದ ಯಶೋಧರ ಚರಿತೆ ಅಹಿಂಸಾಧರ್ಮದ ಕಿರೀಟಪ್ರಾಯವಾದ ಕೃತಿ. ವಾದಿರಾಜನ ಸಂಸ್ಕೃತ ಕಾವ್ಯವೇ ಇದಕ್ಕೆ ಮೂಲ. ತಾಯಿ ಚಂದ್ರಮತಿಯು ಪ್ರಾಣಿಬಲಿಯನ್ನು ಕೊಡೆಂದಾಗ ಯಶೋಧರನು ಒಪ್ಪದೆ, ಕೊನೆಗೆ ಆಕೆಯ ಮನ ನೋಯದಿರಲೆಂದು ಹಿಟ್ಟಿನ ಕೋಳಿಯನ್ನು ಬಲಿಗೊಟ್ಟನು. ರಕ್ತ ಹರಿಯಲಿಲ್ಲ, ಆದರೆ ಕೊಲ್ಲುವ ಸಂಕಲ್ಪ ಮೂಡಿತ್ತು. ಅಷ್ಟಕ್ಕೇ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಮೃಗಪಕ್ಷಿಗಳಾಗಿ ತೊಳಲಿದರು. ಕಡೆಗೆ ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರಾಗಿ ಹುಟ್ಟಿ, ಚಂಡಮಾರಿಯ ಗುಡಿಗೆ ತಾವೇ ಬಲಿಗಾಗಿ ಒಯ್ಯಲ್ಪಟ್ಟರು. ಅಲ್ಲಿ ಅಭಯರುಚಿ ಶಪಿಸಲಿಲ್ಲ, ಬೇಡಲಿಲ್ಲ. ಶಾಂತಚಿತ್ತನಾಗಿ ತಮ್ಮ ಕಥೆಯನ್ನು ಹೇಳಿದನು. ಮಾರಿದತ್ತರಾಜನ ಕೈಯ ಖಡ್ಗ ಇಳಿಯಿತು. ಕಥೆಯೊಂದು ಕೊಲೆಗಾರನ ಮನವನ್ನು ಕರಗಿಸಬಲ್ಲದೆಂಬುದಕ್ಕಿಂತ ಹಿರಿದಾದ ಸಾಹಿತ್ಯಪ್ರಯೋಜನ ಬೇರಾವುದು?

1230ರ ಅನಂತನಾಥಪುರಾಣದಲ್ಲಿಯೂ ಇದೇ ಕರುಣೆ ಕಾಣುತ್ತದೆ. ಮಿತ್ರನ ಮಡದಿ ಸುನಂದೆಯನ್ನು ಅಪಹರಿಸಿದ ಚಂಡಶಾಸನನ ಪಾಪವನ್ನು ಕವಿ ಮರೆಮಾಚುವುದಿಲ್ಲ. ಆದರೂ ಆಕೆಯ ಚಿತೆಯಲ್ಲಿಯೇ ಬೆಂದು ಹೋಗುವ ಅವನನ್ನು ಮರುಕದಿಂದಲೇ ಕಾಣುತ್ತಾನೆ. ದೋಷವನ್ನು ಖಂಡಿಸುವುದು ಬೇರೆ, ದೋಷಿಯನ್ನು ದ್ವೇಷಿಸುವುದು ಬೇರೆ.

ಹಿಟ್ಟಿನ ಕೋಳಿಯ ಮೇಲೆತ್ತಿದ ಕತ್ತಿಯೂ ಹಿಂಸೆಯಾದರೆ, ನೆರೆಯವನ ಮೇಲೆ ಎಸೆದ ಕಟುನುಡಿಯೂ ಹಿಂಸೆಯೇ. ಬರೆಯುವವರೂ ಹಾಡುವವರೂ ಶಿಲೆಯನ್ನು ಕಡೆಯುವವರೂ ನೆನೆಯತಕ್ಕ ತತ್ತ್ವವಿದು. ಬಿಂಬಪ್ರತಿಷ್ಠೆಯ ಈ ಪುಣ್ಯಕಾಲದಲ್ಲಿ ಶಿಲೆಯಲ್ಲಿ ಜಿನಬಿಂಬ ನೆಲಸುವಂತೆ ಹೃದಯಗಳಲ್ಲಿ ಜೀವದಯೆ ನೆಲಸಿದರೆ, ಅದೇ ಆ ಕವಿಚಕ್ರವರ್ತಿಗೆ ಸಲ್ಲುವ ನಿಜವಾದ ಅರ್ಘ್ಯ.