ಕುದ್ಮುಲ್ ರಂಗರಾಯರು ಕಟ್ಟಿದ ಶಾಲೆ

ಮಂಗಳೂರಿಗೆ ಹೋದಾಗ ನೀವು ಅಲ್ಲಿನ ಪುರಭವನವನ್ನು ನೋಡಿರಬಹುದು. ಅದಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಅವರು ಯಾರೆಂದು ಕೇಳಿದರೆ ಘಟ್ಟದ ಮೇಲಿನ ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಹೇಳುವವರು ಕಡಿಮೆ.

ರಂಗರಾಯರು 1859ರ ಜೂನ್ 29ರಂದು, ಈಗಿನ ಕಾಸರಗೋಡು ಜಿಲ್ಲೆಯ ಕುದ್ಮುಲ್‌ನಲ್ಲಿ, ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದರು. ತಂದೆಯನ್ನು ಬೇಗ ಕಳೆದುಕೊಂಡು ಮಂಗಳೂರಿಗೆ ಬಂದರು. ಮೊದಲು ಉಪಾಧ್ಯಾಯರಾದರು, ನಂತರ ಕಾನೂನು ಓದಿ ವಕೀಲರಾದರು, ಬ್ರಹ್ಮಸಮಾಜ ಸೇರಿದರು.

1892ರಲ್ಲಿ ಅವರು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆ ತೆರೆದರು. ಮೇಲ್ಜಾತಿಯ ಉಪಾಧ್ಯಾಯರು ಅಲ್ಲಿ ಪಾಠ ಹೇಳಲು ಒಪ್ಪಲಿಲ್ಲ. ಕ್ರೈಸ್ತ ಉಪಾಧ್ಯಾಯರನ್ನು ಕರೆತಂದರು. ಅವರಿಗೂ ಕಿರುಕುಳ ತಪ್ಪಲಿಲ್ಲ. ಒಂದು ಕಡೆ ನಡೆಸಲು ಬಿಡದಿದ್ದರೆ ಇನ್ನೊಂದು ಕಡೆ ತೆರೆದರು. ಸ್ವಜಾತಿಯವರು ಅವರಿಗೇ ಬಹಿಷ್ಕಾರ ಹಾಕಿದರು. 1897ರಲ್ಲಿ ಈ ಕೆಲಸಕ್ಕಾಗಿಯೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಸ್ಥಾಪಿಸಿದರು.

ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಮಕ್ಕಳು ಬರುತ್ತಾರೆಯೇ? ದಿನವೂ ಹಾಜರಿ ಕೂಗುವ ನನ್ನಂಥವರಿಗೆ ಇದರ ಉತ್ತರ ಗೊತ್ತು. ಮಗು ಶಾಲೆಗೆ ಹೋದರೆ ಮನೆಗೆ ಬರುವ ನಾಲ್ಕು ಕಾಸಿನ ಕೂಲಿ ತಪ್ಪುತ್ತದೆ, ಹಸಿದ ಹೊಟ್ಟೆಗೆ ಅಕ್ಷರ ಹತ್ತುವುದಿಲ್ಲ. ರಂಗರಾಯರು ಇದನ್ನು ಅರಿತು, ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡಿಸಿದರು, ಮಧ್ಯಾಹ್ನದ ಊಟ ಹಾಕಿಸಿದರು. ಕರ್ನಾಟಕದಲ್ಲಿ ಅಕ್ಷರ ದಾಸೋಹ ಆರಂಭವಾದದ್ದು 2002ರಲ್ಲಿ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಿ! ಅಕ್ಷರದ ಜೊತೆಗೆ ನೇಯ್ಗೆ, ಮರಗೆಲಸ ಕಲಿಸಿದರು. ದೂರದ ಮಕ್ಕಳಿಗೆ ವಸತಿ, ಅವರ ಹೆತ್ತವರಿಗೆ ಮನೆ ಕಟ್ಟಿಕೊಳ್ಳಲು ಜಾಗ, ಇವೂ ಶಾಲೆಯ ಕೆಲಸವೆಂದೇ ಅವರು ತಿಳಿದಿದ್ದರು. ನನಗೆ ಅವರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಶಾಲೆಯ ಹಿರಿಯನಾದವನು ಮಗುವಿನ ಮನೆಯವರೆಗೂ ನಡೆದು ಹೋಗಬೇಕು, ಕಲ್ಲು ಬಿದ್ದರೆ ಉಪಾಧ್ಯಾಯರ ಮುಂದೆ ತಾನು ನಿಲ್ಲಬೇಕು. ಅವರು ಎರಡನ್ನೂ ಮಾಡಿದರು.

ಆಗ ಮಂಗಳೂರು ಮದರಾಸು ಪ್ರಾಂತಕ್ಕೆ ಸೇರಿತ್ತು, ನಾವು ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯವರು. ಚಿಕ್ಕಮಗಳೂರು ಜಿಲ್ಲೆಗೆ ಅಂದು ಅದೇ ಹೆಸರು. ನಮ್ಮ ಸಂಸ್ಥಾನದಲ್ಲಿ ಸರ್ಕಾರಿ ಶಾಲೆಗಳನ್ನು ಎಲ್ಲ ಜಾತಿಯ ಮಕ್ಕಳಿಗೂ ತೆರೆಯುವ ಮಾತು ಬಲವಾಗಿ ಕೇಳಿಬಂದದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸಿ. ಆರ್. ರೆಡ್ಡಿಯವರು ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದಾಗ. ಆಗಲೂ ವಿರೋಧ ಬಂತು. ಆದರೆ ರೆಡ್ಡಿಯವರ ಹಿಂದೆ ಸರ್ಕಾರವಿತ್ತು. ರಂಗರಾಯರು ಕೆಲಸ ಶುರು ಮಾಡಿದಾಗ ಅಂಥ ಬೆಂಬಲವಿರಲಿಲ್ಲ.

ಅವರ ಮಗಳು ರಾಧಾಬಾಯಿ ಬೇರೆ ಜಾತಿಯ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. ಸುಬ್ಬರಾಯನ್ 1926ರಲ್ಲಿ ಮದರಾಸಿನ ಮುಖ್ಯಮಂತ್ರಿಯಾದರು.

ರಂಗರಾಯರು 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಶವವನ್ನು ದಲಿತರೇ ಹೊರಬೇಕೆಂದು ಮೊದಲೇ ತಿಳಿಸಿದ್ದರು. ಮಂಗಳೂರಿನ ನಂದಿಗುಡ್ಡೆಯಲ್ಲಿ ಅವರ ಸಮಾಧಿಯಿದೆ.