ಮಾನವ ಅಭಿವೃದ್ಧಿಯ ಹರಿಕಾರ ಡಾ. ಮೆಹಬೂಬ್ ಉಲ್ ಹಕ್

ಒಂದು ದೇಶ ಮುಂದುವರಿದಿದೆ ಎಂದು ಅಳೆಯುವುದು ಹೇಗೆ? ಬಹುಕಾಲ ಅದರ ಆದಾಯವನ್ನಷ್ಟೇ ನೋಡಲಾಗುತ್ತಿತ್ತು. ಈ ಅಳತೆಯ ಕೊರತೆ ಕೋರಮಂಡಲ್‌ನವರಾದ ನಮಗೆ ಬೇಗ ಅರ್ಥವಾಗುತ್ತದೆ. 2001ರಲ್ಲಿ ಮುಚ್ಚುವವರೆಗೂ ನಮ್ಮ ಗಣಿಗಳ ಚಿನ್ನಕ್ಕೆ ಲೆಕ್ಕವಿತ್ತು. ಕಲ್ಲಿನ ಧೂಳಿನಿಂದ ಸಿಲಿಕೋಸಿಸ್ ತಗುಲಿ ಬೇಗ ಕಣ್ಮುಚ್ಚಿದ ಕಾರ್ಮಿಕರ ಆಯುಸ್ಸಿಗೆ ಆ ಲೆಕ್ಕದಲ್ಲಿ ಸ್ಥಾನವಿರಲಿಲ್ಲ. ದೇಶಗಳ ಲೆಕ್ಕಕ್ಕೆ ಆಯುಸ್ಸನ್ನೂ ಅಕ್ಷರವನ್ನೂ ಸೇರಿಸಿದ ಮಹನೀಯರು ಮರ್ಹೂಮ್ ಡಾ. ಮೆಹಬೂಬ್ ಉಲ್ ಹಕ್.

1934ರಲ್ಲಿ ಅವಿಭಜಿತ ಭಾರತದಲ್ಲಿ ಜನಿಸಿದ ಅವರು ವಿಭಜನೆಯ ನಂತರ ಪಾಕಿಸ್ತಾನದವರಾದರು. ಲಾಹೋರ್‌ನ ಸರ್ಕಾರಿ ಕಾಲೇಜಿನಲ್ಲಿ ಓದಿ ಕೇಂಬ್ರಿಡ್ಜ್‌ಗೆ ಹೋದರು. ಅಲ್ಲಿ ಬಂಗಾಳದ ಅಮರ್ತ್ಯ ಸೇನ್ ಅವರ ಸ್ನೇಹವಾಯಿತು. ಮುಂದೆ ಯೇಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು.

ಸ್ವದೇಶಕ್ಕೆ ಮರಳಿ ಯೋಜನಾ ಆಯೋಗದ ಮುಖ್ಯ ಅರ್ಥಶಾಸ್ತ್ರಜ್ಞರಾದರು. ರಾಷ್ಟ್ರೀಯ ಆದಾಯ ಚೆನ್ನಾಗಿಯೇ ಏರುತ್ತಿತ್ತು. ಆದರೆ ಕೈಗಾರಿಕಾ ಸಂಪತ್ತಿನ ಸುಮಾರು ಮೂರನೇ ಎರಡರಷ್ಟು ಕೇವಲ 22 ಕುಟುಂಬಗಳ ಕೈಯಲ್ಲಿದೆ ಎಂದು ಅವರು 1968ರಲ್ಲಿ ಬಹಿರಂಗವಾಗಿ ಹೇಳಿದರು. ತಾವೇ ಪಾಲುಗೊಂಡಿದ್ದ ಯೋಜನೆಗಳ ಫಲವನ್ನು ಹೀಗೆ ಪ್ರಶ್ನಿಸಲು ಧೈರ್ಯ ಬೇಕು. ಮುಂದೆ ವಿಶ್ವ ಬ್ಯಾಂಕಿನಲ್ಲಿ ದುಡಿದು, 1980ರ ದಶಕದಲ್ಲಿ ತಮ್ಮ ದೇಶದ ಹಣಕಾಸು ಸಚಿವರೂ ಆದರು.

1990ರಲ್ಲಿ ಅವರ ನೇತೃತ್ವದಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಮೊದಲ ಮಾನವ ಅಭಿವೃದ್ಧಿ ವರದಿಯನ್ನು ಪ್ರಕಟಿಸಿತು. ಆಯುಷ್ಯ, ಶಿಕ್ಷಣ, ಆದಾಯ ಈ ಮೂರನ್ನೂ ಸೇರಿಸಿ ಸೊನ್ನೆಯಿಂದ ಒಂದರವರೆಗಿನ ಒಂದು ಸೂಚ್ಯಂಕ ಸಿದ್ಧವಾಯಿತು. ಮನುಷ್ಯನ ಬದುಕನ್ನು ಒಂದೇ ಸಂಖ್ಯೆಗೆ ಇಳಿಸುವುದು ಸರಿಯೇ ಎಂದು ಸೇನ್ ಮೊದಲು ಹಿಂಜರಿದರು. ಆದಾಯವೆಂಬ ಸಂಖ್ಯೆಯನ್ನು ಎದುರಿಸಲು ಅಷ್ಟೇ ಸರಳವಾದ ಇನ್ನೊಂದು ಸಂಖ್ಯೆಯೇ ಬೇಕೆಂಬುದು ಹಕ್ ಅವರ ವಾದವಾಗಿತ್ತು. ಕೊನೆಗೆ ಸೇನ್ ಒಪ್ಪಿ ಕೈಜೋಡಿಸಿದರು. ಆದಾಯದಲ್ಲಿ ಹಿಂದಿದ್ದ ಶ್ರೀಲಂಕಾ ಈ ಪಟ್ಟಿಯಲ್ಲಿ ಎಷ್ಟೋ ಮೇಲೆ ಬಂದಿತು. ಕಾರಣ ಅಲ್ಲಿನ ಶಾಲೆಗಳು ಮತ್ತು ಆಸ್ಪತ್ರೆಗಳು.

1998ರ ಜುಲೈನಲ್ಲಿ ಹಕ್ ನ್ಯೂಯಾರ್ಕ್‌ನಲ್ಲಿ ನಿಧನರಾದರು. ಅದೇ ವರ್ಷ ಅವರ ಗೆಳೆಯ ಸೇನ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಮರುವರ್ಷ ಕರ್ನಾಟಕ ಸರ್ಕಾರವೂ ತನ್ನ ಮೊದಲ ಮಾನವ ಅಭಿವೃದ್ಧಿ ವರದಿಯನ್ನು ಹೊರತಂದಿತು. 2005ರ ವರದಿಯ ಜಿಲ್ಲಾವಾರು ಪಟ್ಟಿಯಲ್ಲಿ ಬೆಂಗಳೂರು ನಗರ ಮೊದಲು, ರಾಯಚೂರು ಕೊನೆ. 2025ರ ವಿಶ್ವಸಂಸ್ಥೆಯ ವರದಿಯಲ್ಲಿ 193 ದೇಶಗಳ ಪೈಕಿ ಭಾರತದ ಸ್ಥಾನ 130.

ವಿದ್ಯಾರ್ಥಿಗಳೇ, ಈ ಸ್ಥಾನವನ್ನು ಸರ್ಕಾರವೊಂದೇ ನಿರ್ಧರಿಸುವುದಿಲ್ಲ. ಜನರು ಶಾಲೆಯಲ್ಲಿ ಕಳೆದ ವರ್ಷಗಳೂ ಅದರಲ್ಲಿ ಎಣಿಕೆಯಾಗುತ್ತವೆ. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಲಿದ್ದ ಒಬ್ಬ ಹೆಣ್ಣುಮಗಳನ್ನು ಪಿಯುಸಿಗೆ ಸೇರಿಸಿದರೆ, ಆ ಲೆಕ್ಕಕ್ಕೆ ನಮ್ಮ ಮನೆಯಿಂದಲೂ ಎರಡು ವರ್ಷ ಸೇರುತ್ತದೆ. "ಇಕ್ರಾ" ಎಂಬ ಆಜ್ಞೆಯಿಂದ ಆರಂಭವಾದ ಧರ್ಮದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮರ್ಹೂಮರಿಗೆ ಅಲ್ಲಾಹನು ಮಗ್ಫಿರತ್ ನೀಡಲಿ. ಆಮೀನ್.